ದೋಸಾಸ್ ಅಂದ ಹುಡುಗನ ತಾಯಿಗೆ

ಚಿ. ಸೌ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಊರಿನ ಸುದ್ದಿಯೆಲ್ಲ ದೊಡ್ಡಮ್ಮ ಫೋನಿನಲ್ಲಿ ಹೇಳಿದ್ದಾಳೆ. "ನ್ಯಾರಗ್ಯಾನ್ಸೆಟ್ ಭಾಷೆ ಇಲ್ಲಿ ತರಕಾರಿಯ ಹೆಸರಾಗಿ ಉಳಿದಿದೆ, ನಮ್ಮ ಮನೆಯ ಕನ್ನಡವೂ ಹಾಗೇ ಆಗುತ್ತದೆಯೇ" ಎಂದು ಬರೆದಿದ್ದೀಯಲ್ಲ, ಆ ಸಾಲು ನನ್ನನ್ನು ಬಿಡುತ್ತಿಲ್ಲ.

ನೀನಿರುವ ಅಮೆರಿಕದ ಪ್ರಾವಿಡೆನ್ಸ್ ಊರನ್ನು 1636ರಲ್ಲಿ ಕಟ್ಟಿದ ಇಂಗ್ಲಿಷಿನವ ರೋಜರ್ ವಿಲಿಯಮ್ಸ್ ಅಲ್ಲಿಯ ಮೂಲನಿವಾಸಿಗಳಾದ ನ್ಯಾರಗ್ಯಾನ್ಸೆಟ್ ಜನರ ಮಾತು ಕಲಿತು, 1643ರಲ್ಲಿ ಲಂಡನ್ನಿನಲ್ಲಿ ಅದರ ಪುಸ್ತಕ ಅಚ್ಚು ಹಾಕಿಸಿದ. ಅದರಲ್ಲಿ 'ಅಸ್ಕುಟಾಸ್ಕ್ವಾಷ್' ಎಂಬ ಪದವಿದೆ. 'ಅಸ್ಕುಟ್' ಅಂದರೆ ಹಸಿಯದು, 'ಅಸ್ಕ್ವಾಷ್' ಅಂದರೆ ತಿನ್ನುವಂಥವು. ಬೇಯಿಸದೆ ತಿನ್ನಬಹುದಾದವು ಎಂದಾಯಿತು. ಇಂಗ್ಲಿಷರು ತಲೆ ಕತ್ತರಿಸಿ ಬಾಲ ಇಟ್ಟುಕೊಂಡರು; ಅದೇ 'ಸ್ಕ್ವಾಷ್', ಅಲ್ಲಿಯ ಕುಂಬಳದ ಬಳಗದ ಕಾಯಿಗಳ ಹೆಸರು. ಕೊನೆಯ 'ಅಷ್' ಜೀವವಿಲ್ಲದ ವಸ್ತುಗಳಿಗೆ ನ್ಯಾರಗ್ಯಾನ್ಸೆಟ್ ಜನ ಹಚ್ಚುವ 'ಗಳು'. ಅದು ತಿಳಿಯದೆ ಇಂಗ್ಲಿಷ್ ಇನ್ನೊಂದು ಬಹುವಚನ ಹಚ್ಚಿ 'ಸ್ಕ್ವಾಷಸ್' ಮಾಡಿತು, ನಾವು 'ಪೇರೆಂಟ್ಸ್‌ಗಳು' ಅನ್ನುವ ಹಾಗೆ. (ಜಜ್ಜು ಎಂಬ ಅರ್ಥದ ಸ್ಕ್ವಾಷ್ ಲ್ಯಾಟಿನ್ ಮೂಲದ್ದು, ಇದಕ್ಕೆ ನಂಟಿಲ್ಲ. ನಮ್ಮ ನಿಂಬೆ ಸ್ಕ್ವಾಷ್ ಆ ಕಡೆಯದು.)

ಮಗ 'ದೋಸೆಗಳು' ಅನ್ನದೆ "ದೋಸಾಸ್" ಅಂದನೆಂದು ನಿನಗೆ ಎದೆ ಝಲ್ಲೆಂದದ್ದು ಸುಳ್ಳಲ್ಲ. ಬಾಲಕ್ಕೆ ಅಂಟಿದ್ದು ಅದೇ 'ಸ್'. ಆದರೆ ಗಮನಿಸು: 'ತಿನ್ನು' ಎಂಬ ಕ್ರಿಯೆ ಆ ಪದದ ಒಳಗೇ ಇತ್ತು, ಇಂಗ್ಲಿಷಿಗೆ ಕೇಳಿಸಲಿಲ್ಲ. ಕ್ರಿಯೆ ಹೋಯಿತು, ಕಾಯಿ ಉಳಿಯಿತು. ನಿನ್ನ ಮಗ "ದೋಸೆಗೆ ಬೆಣ್ಣೆ ಹಚ್ಚು" ಅನ್ನುತ್ತಾನೆಯೇ? ಅಂದರೆ ಇನ್ನೂ ಭಯ ಬೇಡ.

ನಮ್ಮ ಮನೆಯಲ್ಲಿ ಮೊಮ್ಮಕ್ಕಳ ಜೊತೆ ಇಂಗ್ಲಿಷೇ ಆಯಿತು. ಆ ಕೊರಗು ನನಗಿದೆ, ಬುದ್ಧಿ ಹೇಳುವ ಹಕ್ಕು ಎಷ್ಟಿದೆಯೋ. ಆದರೂ, ಅಲ್ಲಿಯ ಬಟರ್‌ನಟ್ ಸ್ಕ್ವಾಷ್ ನಮ್ಮ ಸಿಹಿಗುಂಬಳದ ಜಾತಿಯೇ. ತಂದಾಗ ಅವನ ಕೈಗೊಂದು ಚಮಚ ಕೊಡು. ಸೀಳು, ಬೀಜ ತೋಡು, ಸಿಪ್ಪೆ ಹೆರೆ, ಹೆಚ್ಚು, ಬೇಯಿಸು: ಈ ಮಾತುಗಳೆಲ್ಲ ಅವನ ಕಿವಿಗೆ ಬೀಳಲಿ. ಕೆಲಸ ಮುಗಿಸಿ ದಣಿದು ಬಂದವಳಿಗೆ ಇದೂ ಒಂದು ಹೊರೆಯೇ, ಗೊತ್ತು.

ಇನ್ನೂ ಆ ಸಾಲೇ ಕಾಡುತ್ತಿದೆ. ನ್ಯಾರಗ್ಯಾನ್ಸೆಟ್ ಜನ ಇಂದಿಗೂ ಅಲ್ಲೇ ಇದ್ದಾರೆ. ನೆರೆಯ, ಅದೇ ಬಳಗದ ವಾಂಪನೋಗ್ ಮಾತು ಮನೆಗಳಲ್ಲಿ ನಿಂತು ನೂರು ವರ್ಷ ದಾಟಿತ್ತು. ಜೆಸ್ಸಿ ಲಿಟಲ್ ಡೋ ಬೇರ್ಡ್ ಎಂಬಾಕೆ ಆ ಮಾತಿನಲ್ಲೇ ಅಚ್ಚಾದ 1663ರ ಬೈಬಲ್, ಹಳೆಯ ಕ್ರಯಪತ್ರಗಳನ್ನು ಹಿಡಿದು ಅದನ್ನು ಮತ್ತೆ ನಾಲಿಗೆಗೆ ತಂದರು. ಅವರ ಮಗಳು ಹುಟ್ಟಿನಿಂದಲೇ ಆ ಮಾತು ಕೇಳಿ ಬೆಳೆದಳು.

ಮುಂದಿನ ಕಾಗದದಲ್ಲಿ ಹುಡುಗ ಹೇಳಿದ ಒಂದು ಇಡೀ ವಾಕ್ಯ ಬರೆ. ತಪ್ಪಿದ್ದರೆ ತಿದ್ದಬೇಡ.

ನಿನ್ನ
ದೊಡ್ಡಪ್ಪ