ಈ ಸಲ ಹಳದಿ ಡ್ಯಾಫೋಡಿಲ್ ಗೆಡ್ಡೆ ಏಕಿಲ್ಲ?

ಆತ್ಮೀಯ ಗ್ರಾಹಕರೇ,

ದಸರಾದಿಂದಲೂ ಕೇಳುತ್ತಿದ್ದೀರಿ. ಡಚ್ ಮಾಸ್ಟರ್, ಕಿಂಗ್ ಆಲ್ಫ್ರೆಡ್ ಥರದ ದೊಡ್ಡ ಹಳದಿ ಡ್ಯಾಫೋಡಿಲ್ ಗೆಡ್ಡೆಗಳನ್ನು ಇನ್ನು ಮುಂದೆ ನಾವು ತರಿಸುವುದಿಲ್ಲ. ತಡವಾಗಿ ತಿಳಿಸುತ್ತಿದ್ದೇವೆ, ಕ್ಷಮೆ ಇರಲಿ. ಮುಂಗಡ ಪೂರ್ತಿ ವಾಪಸ್ ಕೊಡುತ್ತೇವೆ.

ಅಪಾರ್ಟ್‌ಮೆಂಟಿನವರು, ಲೇಔಟ್ ಪಾರ್ಕಿನವರು ಎಲ್ಲರದೂ ಒಂದೇ ದೂರು: “ಮೊದಲ ವರ್ಷ ಹೂ ಬಿಟ್ಟಿತು, ಎರಡನೇ ವರ್ಷ ಬರೀ ಎಲೆ. ಹಳೇ ಮಾಲು ಕೊಟ್ಟಿದ್ದೀರಿ.” ಹಳೇ ಮಾಲು ನಾವು ಕೊಟ್ಟವರಲ್ಲ. ಮೊದಲ ವರ್ಷದ ಮೊಗ್ಗು ಗೆಡ್ಡೆ ಬೆಳೆದ ದೇಶದಲ್ಲೇ ಕಟ್ಟಿರುತ್ತದೆ. ಉದ್ದಕ್ಕೆ ಸೀಳಿದರೆ ನಡುವೆ ಪುಟ್ಟದಾಗಿ ಕಾಣುತ್ತದೆ. ಅದು ದೇಟು ಚಾಚಿ ಅರಳಲು 4ರಿಂದ 9 ಡಿಗ್ರಿ ತಂಪು, 12ರಿಂದ 16 ವಾರ ಬೇಕು. ಅದನ್ನು ನಾವು ಕೋಲ್ಡ್ ರೂಮಿನಲ್ಲಿ ಕೊಟ್ಟೇ ಮಾರುತ್ತಿದ್ದೆವು. ಬೆಂಗಳೂರಿನ ಜನವರಿ ರಾತ್ರಿ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸು, ನೆಲ ಇನ್ನೂ ಬೆಚ್ಚಗೆ. ಎರಡನೇ ವರ್ಷ ಆ ತಂಪು ಎಲ್ಲಿಂದ ಬರಬೇಕು?

ಅದಕ್ಕಿಂತ ದೊಡ್ಡ ಏಟು ಮಳೆಯದು. ಡ್ಯಾಫೋಡಿಲ್ ಕುಲ ಹೆಚ್ಚಾಗಿ ಸ್ಪೇನ್, ಪೋರ್ಚುಗಲ್ ಕಡೆಯದು. ಅಲ್ಲಿ ಮಳೆ ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಗೆಡ್ಡೆ ಒಣಮಣ್ಣಿನಲ್ಲಿ ಮಲಗಿರುತ್ತದೆ. ನಮ್ಮಲ್ಲಿ ಅದು ಮಲಗುವ ಹೊತ್ತಿಗೇ ಮುಂಗಾರು. ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಫ್ಯುಸೇರಿಯಂ ಶಿಲೀಂಧ್ರ ಬೇರೊಡೆಯುವ ಬುಡದಿಂದಲೇ ಹತ್ತುತ್ತದೆ. ಒಂದು ಗೆಡ್ಡೆ ಕಿತ್ತು ಬುಡವನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ: ಮೆತ್ತಗಿದ್ದು ಒಳಗೆ ಕಂದುಬಣ್ಣ ಏರಿದ್ದರೆ ಅದೇ ಕೊಳೆರೋಗ. ಅಂಥದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಇಲ್ಲಿ ಇದು ಒಂದೇ ವರ್ಷದ ಹೂ ಎಂದು ಮಾರುವಾಗಲೇ ಬಿಡಿಸಿ ಹೇಳಬೇಕಿತ್ತು. ಹೇಳದಿದ್ದದ್ದು ನಮ್ಮ ತಪ್ಪು.

ಆದರೆ ರೇಟಿನ ಮಾತು ನೋವಾಗುತ್ತದೆ. “ಈರುಳ್ಳಿಯಷ್ಟು ಗೆಡ್ಡೆಗೆ ಇಷ್ಟಾ?” ಎನ್ನುತ್ತೀರಿ. ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ, ಕ್ವಾರಂಟೈನ್ ತಪಾಸಣೆ ಎಲ್ಲ ಮುಗಿದ ಮೇಲೆ ಕೋಲ್ಡ್ ರೂಮು. ಹಣ್ಣಿನವರ ಜೊತೆ ರೂಮು ಹಂಚಿಕೊಳ್ಳುವ ಹಾಗಿಲ್ಲ: ಸೇಬು, ಬಾಳೆ ಬಿಡುವ ಎಥಿಲೀನ್ ಗಾಳಿಗೆ ಒಳಗಿನ ಮೊಗ್ಗು ಸಾಯುತ್ತದೆ. ಅರ್ಧ ರೂಮು ಖಾಲಿ ಇದ್ದರೂ ಬಾಡಿಗೆ ಪೂರ್ತಿ, ಮೂರ್ನಾಲ್ಕು ತಿಂಗಳ ಕರೆಂಟ್ ಬಿಲ್ಲು ಬೇರೆ.

ಇನ್ನು ಡ್ಯಾಫೋಡಿಲ್ ಜಾತಿಯಲ್ಲಿ ಪೇಪರ್‌ವೈಟ್ ಮಾತ್ರ ಇಡುತ್ತೇವೆ, ಅದೂ ಕುಂಡಕ್ಕೆ. ಅದಕ್ಕೆ ತಂಪು ಬೇಡ. ನವೆಂಬರಿನಲ್ಲಿ ನೆಟ್ಟರೆ ನಾಲ್ಕರಿಂದ ಆರು ವಾರಕ್ಕೆ ಬಿಳಿ ಹೂ. ಪಾತಿಗೆ ಹಳದಿಯೇ ಬೇಕೆಂದವರು ಹಳದಿ ರೈನ್ ಲಿಲಿ ಹಾಕಿ. ಡ್ಯಾಫೋಡಿಲ್ ಕುಟುಂಬದ್ದೇ, ಮಳೆ ಬಿದ್ದರೆ ಅರಳುತ್ತದೆ. 5 ಸೆಂ.ಮೀ. ಆಳ, 10 ಸೆಂ.ಮೀ. ಅಂತರ ಸಾಕು. ಅರೆನೆರಳಿಗೆ ಸ್ಪೈಡರ್ ಲಿಲಿ, ಬಿಸಿಲಿಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಸುಗಂಧರಾಜ ತಳಿ ಅರ್ಕಾ ಪ್ರಜ್ವಲ್.

ಹಳೇ ಗೆಡ್ಡೆ ಇನ್ನೂ ಗಟ್ಟಿಯಾಗಿದ್ದವರು ಬಿಸಾಡಬೇಡಿ. ಮೇ ತಿಂಗಳಲ್ಲಿ ಎಲೆ ಹಳದಿಯಾದ ಮೇಲೆ ಕಿತ್ತು, ನೆರಳಲ್ಲಿ ಒಣಗಿಸಿ, ಬಲೆಚೀಲದಲ್ಲಿ ತೂಗುಹಾಕಿ. ಸೆಪ್ಟೆಂಬರಿನಲ್ಲಿ ತಂದುಕೊಟ್ಟರೆ ನಮ್ಮ ಫ್ರಿಜ್ಜಿನಲ್ಲಿ 14 ವಾರ ಇಟ್ಟುಕೊಡುತ್ತೇವೆ, ದುಡ್ಡು ಬೇಡ. ದಪ್ಪ ಗೆಡ್ಡೆಯಾದರೆ ಅರಳುವ ಆಸೆ ಇಟ್ಟುಕೊಳ್ಳಬಹುದು. ಚೀಲದ ಮೇಲೆ ಹೆಸರು ಬರೆಯಿರಿ, ಅಡುಗೆಮನೆಯ ಈರುಳ್ಳಿ ಬುಟ್ಟಿಯ ಹತ್ತಿರ ಮಾತ್ರ ಇಡಬೇಡಿ. ಈ ಗೆಡ್ಡೆ ವಿಷ.

ಇಂತಿ,
ನಿಮ್ಮ ನರ್ಸರಿಯವರು