250ರ ಗೇರ್‌ಬಾಕ್ಸ್‌ಗೆ 338ರ ಮ್ಯಾಪ್: ನಿಮ್ಮ ಗ್ಯಾರೇಜಿನ ಮೇಲೆ ನನ್ನ ದೂರು

ಇವರಿಗೆ,
ಮಾಲೀಕರು ಮತ್ತು ಸರ್ವಿಸ್ ಮ್ಯಾನೇಜರ್,
ಕಾರ್ ಟ್ಯೂನಿಂಗ್ ಗ್ಯಾರೇಜ್, ಬೆಂಗಳೂರು

ವಿಷಯ: ಸ್ಟೇಜ್ 1 ಮ್ಯಾಪ್‌ನಿಂದ (ಇಂಜಿನ್ ಕಂಪ್ಯೂಟರ್‌ನ ಫೈಲ್ ಬದಲಿಸಿ ಪವರ್ ಏರಿಸುವ ಕೆಲಸ) ಸುಟ್ಟ ಕ್ಲಚ್, ಅಗತ್ಯವಿಲ್ಲದೆ ಬದಲಾಯಿಸಿದ ಮೆಕಾಟ್ರಾನಿಕ್ (ಗೇರ್, ಕ್ಲಚ್‌ಗಳನ್ನು ನಡೆಸುವ ಕಂಪ್ಯೂಟರ್ ಭಾಗ) ಮತ್ತು ನಿಮ್ಮ ಕೌಂಟರ್‌ನಲ್ಲಿ ನನಗಾದ ಅವಮಾನದ ಬಗ್ಗೆ.

ಮಾನ್ಯರೇ,

ಫೋನ್ ಮಾಡಿ ಮಾಡಿ ಸಾಕಾಯಿತು. ವಾಟ್ಸಾಪ್‌ನಲ್ಲಿ ನೀಲಿ ಟಿಕ್ ಬೀಳುತ್ತದೆ, ಉತ್ತರ ಬರುವುದಿಲ್ಲ. "ಸಂಜೆ ಕಾಲ್ ಮಾಡ್ತೀವಿ ಸರ್" ಎಂದವರು ಒಮ್ಮೆಯೂ ಮಾಡಲಿಲ್ಲ. ಹಾಗಾಗಿ ಈ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತಿದ್ದೇನೆ. ಇದರ ಒಂದು ಪ್ರತಿ ನನ್ನ ವಕೀಲರ ಹತ್ತಿರ ಇದೆ.

ನನ್ನ ಕಾರು ನಿಮಗೆ ಗೊತ್ತು. 2017ರ ಸ್ಕೋಡಾ ಆಕ್ಟೇವಿಯಾ, 1.8 ಟಿಎಸ್‌ಐ ಪೆಟ್ರೋಲ್ ಇಂಜಿನ್, ಏಳು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ ಇರುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಅದನ್ನು ಎಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದೆ ಎನ್ನುವುದೂ ಗೊತ್ತು. ಮೊದಲ ಸಲ ಬಂದಾಗ ನಿಮ್ಮ ಮಾಲೀಕರೇ ಸರ್ವಿಸ್ ಫೈಲ್ ತಿರುವಿ ನೋಡಿ "ಇಷ್ಟು ನೀಟಾಗಿ ಯಾರೂ ಇಟ್ಕೊಳಲ್ಲ ಸರ್" ಎಂದಿದ್ದರು. ಅವತ್ತು ನಾನು ಕೇಳಿದ್ದು ಒಂದೇ ಪ್ರಶ್ನೆ. ಮ್ಯಾಪ್ ಹಾಕಿದರೆ ಗೇರ್‌ಬಾಕ್ಸ್ ತಡೆದುಕೊಳ್ಳುತ್ತಾ? "ಏನೂ ಆಗಲ್ಲ, ಇದು ಡಿಎಸ್‌ಜಿ ಸೇಫ್ ಫೈಲ್" ಎಂದಿರಿ. ನಿಮ್ಮ ಗೋಡೆಯ ಬೋರ್ಡ್ ಮೇಲೂ ಅದೇ ಮಾತು ಇದೆ. ₹55,000 ಕೊಟ್ಟೆ. ರೋಲರ್ ಮೇಲೆ ಕಾರು ಓಡಿಸಿ ಅಳೆದ ಡೈನೋ ಶೀಟ್ ಕೊಟ್ಟಿರಿ. ಅದರಲ್ಲಿ ಟಾರ್ಕ್, ಅಂದರೆ ಇಂಜಿನ್ ತಿರುಗಿಸುವ ಬಲ, 338 ನ್ಯೂಟನ್ ಮೀಟರ್ ಎಂದು ಅಚ್ಚಾಗಿದೆ.

ಈ ಕಾರಿನಲ್ಲಿರುವುದು ಡಿಕ್ಯೂ200 ಗೇರ್‌ಬಾಕ್ಸ್. ಅದನ್ನು ಮಾಡಿದವರು ಇಟ್ಟ ಮಿತಿ 250 ನ್ಯೂಟನ್ ಮೀಟರ್. ಈ ಅಂಕಿ ಗುಟ್ಟಿನದಲ್ಲ. ದಿನಾ ಇದೇ ಗೇರ್‌ಬಾಕ್ಸ್‌ಗಳನ್ನು ಇಳಿಸಿ ಏರಿಸುವ ನಿಮಗೆ ಇದು ಗೊತ್ತಿರಲಿಲ್ಲ ಎಂದರೆ ನಾನು ನಂಬುವುದಿಲ್ಲ.

ಕಾರು ಮಾಡಿದ ಕಂಪನಿಯೇ ಈ ಮಿತಿಯನ್ನು ಹೇಗೆ ಪಾಲಿಸಿತು ನೋಡಿ. 2016ರಲ್ಲಿ ಇಲ್ಲಿ ಬಂದ ಇದೇ ಕಂಪನಿಯ ಸೂಪರ್ಬ್ ಕಾರಿನಲ್ಲೂ 1.8 ಟಿಎಸ್‌ಐ ಇಂಜಿನ್ನೇ ಇತ್ತು. ಮ್ಯಾನುಯಲ್ ಗೇರ್ ತೆಗೆದುಕೊಂಡರೆ 320 ನ್ಯೂಟನ್ ಮೀಟರ್. ಆಟೋಮ್ಯಾಟಿಕ್ ತೆಗೆದುಕೊಂಡರೆ 250. ಇಂಜಿನ್‌ಗೆ ಶಕ್ತಿ ಇತ್ತು, ಗೇರ್‌ಬಾಕ್ಸ್ ತಡೆಯುವುದಿಲ್ಲ ಎಂದು ಅವರು ಅಲ್ಲಿಗೇ ನಿಲ್ಲಿಸಿದರು. ನೀವು ಲ್ಯಾಪ್‌ಟಾಪ್ ಹಾಕಿ ಆ ಬೇಲಿ ಕಿತ್ತಿರಿ. ಕಿತ್ತಿದ್ದೇವೆ ಎಂದು ನನಗೆ ಹೇಳಲಿಲ್ಲ. ನನ್ನ ದೂರಿನ ಮೂಲ ಇದು.

"ಡಿಎಸ್‌ಜಿ ಸೇಫ್" ಎಂದಿರಲ್ಲ, ಯಾವ ಡಿಎಸ್‌ಜಿಗೆ ಸೇಫ್? 2003ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32 ಕಾರಿನ ಜೊತೆ ಬಂದ ಆರು ಗೇರಿನ ಡಿಕ್ಯೂ250ರ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ. ಅದರ ಮಿತಿ 350. ಡಿಕ್ಯೂ500 ಇನ್ನೂ ಗಟ್ಟಿ, 600ರವರೆಗೆ ತಡೆಯುತ್ತದೆ. ಅಂಥ ಗೇರ್‌ಬಾಕ್ಸ್‌ನಲ್ಲಿ ಕ್ಲಚ್‌ನ ಬಿಸಿಯನ್ನು ಎಣ್ಣೆ ಎಳೆದುಕೊಳ್ಳುತ್ತದೆ. ನನ್ನ ಕಾರಿನದು ಒಣ ಕ್ಲಚ್. ಬಿಸಿಯಾದರೆ ಸುತ್ತಲಿನ ಗಾಳಿಯೇ ಗತಿ. ಸಿಲ್ಕ್ ಬೋರ್ಡ್‌ನಲ್ಲಿ, ಟಿನ್ ಫ್ಯಾಕ್ಟರಿ ಹತ್ತಿರ, ಹೆಬ್ಬಾಳದ ಫ್ಲೈಓವರ್ ಮೇಲೆ ಒಂದನೇ ಗೇರಿನಲ್ಲಿ ತೆವಳುವಾಗ ಆ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತಲೇ ಇರುತ್ತದೆ. ಊರೊಳಗೆ ಹೀಗೆ ಸವೆಯುವ ಕ್ಲಚ್ ಮೇಲೆ ನೀವು 88 ನ್ಯೂಟನ್ ಮೀಟರ್ ಜಾಸ್ತಿ ಹೇರಿದಿರಿ.

ಬೇರೆ ದಾರಿ ಇರಲಿಲ್ಲವಾ? ಇತ್ತು. ಕೆಳಗಿನ ಆರ್‌ಪಿಎಂನಲ್ಲಿ ಟಾರ್ಕ್ ತಡೆದು, ಮೇಲಿನ ಆರ್‌ಪಿಎಂನಲ್ಲಿ ಮಾತ್ರ ಪವರ್ ಬಿಡುವ ಹಾಗೆ ಮ್ಯಾಪ್ ಬರೆಯಬಹುದಿತ್ತು. ಗೇರಿಗೆ ತಕ್ಕ ಹಾಗೆ ಟಾರ್ಕ್‌ಗೆ ಮಿತಿ ಹಾಕಬಹುದಿತ್ತು. ಮ್ಯಾಪ್ ಹಾಕುವ ಮೊದಲೇ ಕ್ಲಚ್ ಎಷ್ಟು ಸವೆದಿದೆ ಎಂದು ಸ್ಕ್ಯಾನರ್‌ನಲ್ಲಿ ನೋಡಿ, "ಸರ್, ಇದು ತಡೆಯಲ್ಲ, ಹಾಕಿಸಬೇಡಿ" ಎನ್ನಬಹುದಿತ್ತು. ನಾನು ಖುಷಿಯಿಂದ ಹಾಗೇ ವಾಪಸ್ ಹೋಗುತ್ತಿದ್ದೆ. ಈ ಕಾರಿನಲ್ಲಿ ಗೇರ್ ಬೀಳುವ ಆ ಚುರುಕು ನನಗೆ ಇಷ್ಟ. ಒಂದು ಕ್ಲಚ್ ಬಿಡುವಷ್ಟರಲ್ಲಿ ಇನ್ನೊಂದು ಹಿಡಿದಿರುತ್ತದೆ, ಎಳೆತ ಒಂದು ಕ್ಷಣವೂ ತಪ್ಪುವುದಿಲ್ಲ. ಅದು ಹಾಳಾಗಲಿ ಎಂದು ಯಾರೂ ದುಡ್ಡು ಕೊಡುವುದಿಲ್ಲ.

ಮೊದಲು ಒಂದನೇ ಗೇರಿನಲ್ಲಿ ಹೊರಡುವಾಗ ನಡುಕ ಶುರುವಾಯಿತು. ಆಮೇಲೆ ನೆಲಮಂಗಲ ದಾಟಿ ಕುಣಿಗಲ್ ಕಡೆ ಹೋಗುವಾಗ, ಐದನೇ ಗೇರಿನಲ್ಲಿ ಲಾರಿ ಓವರ್‌ಟೇಕ್ ಮಾಡಲು ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಮುಳ್ಳು ಮಾತ್ರ ಮೇಲೆ ಹೋಯಿತು, ಸ್ಪೀಡ್ ಏರಲಿಲ್ಲ. ಎದುರಿಗೆ ಬಸ್ ಬರುತ್ತಿದ್ದಾಗ ಹೀಗಾದರೆ ಏನು ಗತಿ ಎಂದು ಒಮ್ಮೆ ಯೋಚಿಸಿ. ಏಳನೇ ಗೇರಿನಲ್ಲೂ ಹಾಗೇ ಆಯಿತು. ಆರರಲ್ಲಿ ಆಗಲಿಲ್ಲ, ನಾಲ್ಕರಲ್ಲೂ ಆಗಲಿಲ್ಲ. ಈ ಗೇರ್‌ಬಾಕ್ಸ್‌ನಲ್ಲಿ 1, 3, 5, 7ನೇ ಗೇರ್‌ಗಳು ಒಂದು ಕ್ಲಚ್ ಮೇಲೆ ಇರುತ್ತವೆ. 2, 4, 6 ಮತ್ತು ರಿವರ್ಸ್ ಇನ್ನೊಂದರ ಮೇಲೆ. ಬೆಸ ಸಂಖ್ಯೆಯ ಗೇರ್‌ಗಳಲ್ಲಿ ಮಾತ್ರ ಜಾರಿದರೆ ಮೊದಲ ಕ್ಲಚ್ ಹೋಗಿದೆಯಾ ಎಂದು ತಾನೇ ಮೊದಲು ನೋಡಬೇಕು? ಇದನ್ನು ನಾನು ಜಾಬ್ ಕಾರ್ಡ್ ಮೇಲೆ ನನ್ನ ಕೈಯಲ್ಲೇ ಬರೆದುಕೊಟ್ಟೆ. ಆ ಜಾಬ್ ಕಾರ್ಡ್‌ನ ಫೋಟೋ ನನ್ನ ಫೋನ್‌ನಲ್ಲಿದೆ.

ನೀವು ಮೆಕಾಟ್ರಾನಿಕ್ ಬದಲಾಯಿಸಿದಿರಿ. ₹2,14,000 ಬಿಲ್ ಮಾಡಿದಿರಿ.

ಕಾರಣ ಕೇಳಿದ್ದಕ್ಕೆ "ಈ ಮೆಕಾಟ್ರಾನಿಕ್ ಫೇಮಸ್ ಸರ್, ಎಲ್ಲರಿಗೂ ಹೋಗುತ್ತೆ, ಫಾರಿನ್‌ನಲ್ಲೂ ರೀಕಾಲ್ ಆಗಿತ್ತು" ಎಂದರು. ನಿಜ, 2013ರಲ್ಲಿ ಸ್ಕೋಡಾದ ಒಡೆತನದ ಕಂಪನಿ ಫೋಕ್ಸ್‌ವ್ಯಾಗನ್ ಈ ಏಳು ಗೇರಿನ ಬಾಕ್ಸ್ ಇದ್ದ ಸುಮಾರು 16 ಲಕ್ಷ ಕಾರುಗಳನ್ನು ಜಗತ್ತಿನಾದ್ಯಂತ ವಾಪಸ್ ಕರೆಸಿತ್ತು. ಸಿಂಥೆಟಿಕ್ ಗೇರ್ ಎಣ್ಣೆಯಿಂದ, ಅದರಲ್ಲೂ ಬಿಸಿಲು ಮತ್ತು ತೇವ ಜಾಸ್ತಿ ಇರುವ ಕಡೆ, ಕರೆಂಟ್ ಭಾಗ ಕೆಡುತ್ತಿತ್ತು. ಅದಕ್ಕೆ ಮಿನರಲ್ ಎಣ್ಣೆ ತುಂಬಿ ಕೊಟ್ಟರು. ನನ್ನ ಕಾರು 2017ರದು. ಅದಕ್ಕೂ ಇದಕ್ಕೂ ಏನು ಸಂಬಂಧ? ಮೆಕಾಟ್ರಾನಿಕ್ ಕೈಕೊಟ್ಟರೆ ಮೀಟರ್‌ನಲ್ಲಿ ಗೇರಿನ ಅಕ್ಷರ ಮಿನುಗುತ್ತದೆ. ಒಂದು ಸಾಲು ಗೇರ್ ಪೂರ್ತಿ ಮಾಯವಾಗಬಹುದು. ಕಾರು ನಿಂತಲ್ಲೇ ನಿಲ್ಲಬಹುದು. ನನ್ನ ಕಾರಿನಲ್ಲಿ ಇದರಲ್ಲಿ ಒಂದೂ ಆಗಿರಲಿಲ್ಲ. ಹೊಸ ಮೆಕಾಟ್ರಾನಿಕ್ ಹಾಕಿದ ದಿನವೇ, ನಿಮ್ಮ ಗೇಟ್ ದಾಟಿ ಮುಖ್ಯ ರಸ್ತೆಗೆ ಬರುವಷ್ಟರಲ್ಲಿ ಅದೇ ನಡುಕ ಬಂತು.

ಅಲ್ಲಿಂದಲೇ ಕಾರು ತಿರುಗಿಸಿ ವಾಪಸ್ ಬಂದೆ. ಆಗ ನಿಮ್ಮ ಕೌಂಟರ್‌ನಲ್ಲಿ ನಡೆದದ್ದನ್ನು ಮಾಲೀಕರು ಪೂರ್ತಿ ಓದಬೇಕು.

ಶನಿವಾರ ಮಧ್ಯಾಹ್ನ. ಗಾಜಿನ ಲೌಂಜ್‌ನಲ್ಲಿ ಎಸಿ ಓಡುತ್ತಿತ್ತು, ಸೋಫಾ ಖಾಲಿ ಇತ್ತು. ನಾನು ಒಳಗೆ ಹೋಗಲು ಬಾಗಿಲು ತಳ್ಳಿದೆ. ನಿಮ್ಮ ಸರ್ವಿಸ್ ಅಡ್ವೈಸರ್ ಕೈ ಅಡ್ಡ ಇಟ್ಟು "ಅದು ಬಿಲ್ಡ್ ಕಸ್ಟಮರ್ಸ್‌ಗೆ ಸರ್, ನೀವು ಹೊರಗೆ ಕೂತ್ಕೊಳಿ" ಎಂದರು. ಬಿಲ್ಡ್ ಎಂದರೆ ಇಡೀ ಕಾರನ್ನೇ ಮಾರ್ಪಡಿಸಿಕೊಳ್ಳುವವರು. ಹೊರಗೆ ಎಂದರೆ ಹಳೆ ಟೈರ್‌ಗಳ ಪಕ್ಕ, ಪ್ಲಾಸ್ಟಿಕ್ ಸ್ಟೂಲ್. ನನ್ನ ಜೊತೆ ನನ್ನ ಮಗಳಿದ್ದಳು. ಪಿಯುಸಿ ಓದುವ ಹುಡುಗಿ. ಇದ್ದದ್ದು ಒಂದೇ ಸ್ಟೂಲ್. ಅವಳನ್ನು ಕೂರಿಸಿ ನಾನು ನಿಂತೆ. ಒಂದು ಗಂಟೆ ಮೇಲಾಯಿತು, ಯಾರೂ ಬರಲಿಲ್ಲ. ಒಳಗೆ ಅಡ್ವೈಸರ್ ಕಾಫಿ ಕುಡಿಯುತ್ತಾ ಯಾರದೋ ಎಕ್ಸಾಸ್ಟ್ ಶಬ್ದದ ವಿಡಿಯೋ ನೋಡುತ್ತಿದ್ದದ್ದು ಗಾಜಿನಿಂದ ಕಾಣುತ್ತಿತ್ತು.

ಕೊನೆಗೆ ನಾನೇ ಕೌಂಟರ್‌ಗೆ ಹೋದೆ. "ಮೆಕಾಟ್ರಾನಿಕ್ ಹಾಕೋಕೆ ಮುಂಚೆ ತೆಗೆದ ಸ್ಕ್ಯಾನ್ ರಿಪೋರ್ಟ್ ತೋರಿಸಿ" ಎಂದು ಕೇಳಿದೆ. ಅವರು ಮಾನಿಟರನ್ನು ನನ್ನ ಕಡೆಯಿಂದ ಆ ಕಡೆ ತಿರುಗಿಸಿಕೊಂಡರು. ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದೆ. ಅವರು ಇನ್ನೂ ಸ್ವಲ್ಪ ತಿರುಗಿಸಿದರು. "ಅದು ಇಂಟರ್ನಲ್ ಸರ್" ಎಂದರು. ನನ್ನ ಕಾರಿನ ರಿಪೋರ್ಟ್, ನಾನು ದುಡ್ಡು ಕೊಟ್ಟ ಕೆಲಸ, ಅದು ನನಗೇ ತೋರಿಸಬಾರದ್ದು ಹೇಗಾಯಿತು? ಹಳೆಯ ಮೆಕಾಟ್ರಾನಿಕ್ ಕೊಡಿ ಎಂದೆ. "ಸ್ಕ್ರ್ಯಾಪ್‌ಗೆ ಹೋಯ್ತು" ಎಂದರು. ಯಾವಾಗ ಎಂದೆ. ಉತ್ತರವಿಲ್ಲ.

ಬೆಸ ಗೇರ್‌ಗಳಲ್ಲಿ ಮಾತ್ರ ಜಾರುತ್ತಿದೆ ಎಂದು ಮತ್ತೆ ಹೇಳಲು ಬಾಯಿ ತೆಗೆದೆ. ಅವರು ಅಲ್ಲಿದ್ದ ಹುಡುಗರ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ಅಂಕಲ್ ಯೂಟ್ಯೂಬ್‌ನಲ್ಲಿ ಮೆಕ್ಯಾನಿಕ್ ಕೋರ್ಸ್ ಮಾಡಿದಾರೆ" ಎಂದರು. ನಾಲ್ಕೈದು ಜನ ನಕ್ಕರು. ನಾನು ಸುಮ್ಮನಿದ್ದೆ. ಆಮೇಲೆ ಅವರು ಹೇಳಿದ್ದು ಇದು: "ಪರ್ಫಾರ್ಮೆನ್ಸ್ ಕಾರ್ ಎಲ್ಲರಿಗೂ ಆಗಲ್ಲ ಸರ್. ಮೇಂಟೈನ್ ಮಾಡೋ ಕೆಪ್ಯಾಸಿಟಿ ಇಲ್ಲ ಅಂದ್ರೆ ಮಾರಿಬಿಡಿ. ನಿಮ್ಮ ಡ್ರೈವಿಂಗ್ ಸ್ಟೈಲ್‌ಗೆ ಕ್ಲಚ್ ಹೋಗಿರುತ್ತೆ, ಇನ್ನೊಂದು ₹1,35,000 ಆಗುತ್ತೆ, ಓಕೆ ಅಂದ್ರೆ ಕಾರ್ ಬಿಟ್ಟು ಹೋಗಿ." ಇಷ್ಟು ಹೇಳಿ ಕೀಯನ್ನು ಕೌಂಟರ್ ಮೇಲೆ ನನ್ನ ಕಡೆ ಎಸೆದರು. ಅದು ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಟ್ಟದ್ದು ನನ್ನ ಮಗಳು.

ಕ್ಲಚ್ ಹೋಗಿದೆ ಎಂದು ಅವರೇ ಒಪ್ಪಿದರು, ಗಮನಿಸಿದಿರಾ? ಹಾಗಾದರೆ ಎರಡು ಲಕ್ಷದ ಮೆಕಾಟ್ರಾನಿಕ್ ಯಾಕೆ ಹಾಕಿದಿರಿ? ಇನ್ನು ಡ್ರೈವಿಂಗ್ ಸ್ಟೈಲ್ ಎಂದರೆ ಏನು? ನಾನು ರೇಸ್ ಓಡಿಸುವವನಲ್ಲ. ಆಫೀಸಿಗೆ ಹೋಗುತ್ತೇನೆ, ಹಬ್ಬಕ್ಕೆ ಊರಿಗೆ ಹೋಗುತ್ತೇನೆ. ಮ್ಯಾಪ್ ಹಾಕುವಾಗ ಯಾರಾದರೂ "ಹೀಗೆ ಓಡಿಸಿ, ಹೀಗೆ ಓಡಿಸಬೇಡಿ" ಎಂದು ಹೇಳಿದ್ದರಾ? ಒಂದು ಸಾಲಾದರೂ ಬರೆದುಕೊಟ್ಟಿದ್ದರಾ?

ಈಗ ಕಾರು ಬೇರೆ ಗ್ಯಾರೇಜಿನಲ್ಲಿ ರಿಪೇರಿಯಾಗಿದೆ. ಅಲ್ಲಿನ ಮೇಸ್ತ್ರಿ ಗೇರ್‌ಬಾಕ್ಸ್ ಇಳಿಸುವಾಗ ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡರು. ಮೊದಲ ಕ್ಲಚ್‌ನ ಉಜ್ಜುವ ಮೈ ಬಿಸಿಗೆ ನೀಲಿಗಟ್ಟಿತ್ತು, ಲೈನಿಂಗ್ ಸುಟ್ಟಿತ್ತು. ಎರಡನೆಯದು ಇನ್ನೂ ಚೆನ್ನಾಗಿತ್ತು. ಹೊಸ ಕ್ಲಚ್ ಕೂರಿಸುವ ಮೊದಲು ಅವರು ಡಯಲ್ ಗೇಜ್ ಇಟ್ಟು ಅಳೆದು, ಅಳತೆಗೆ ಸರಿಯಾದ ಶಿಮ್ (ಅಂತರ ಸರಿಮಾಡುವ ತೆಳು ಬಿಲ್ಲೆ) ಆರಿಸಿ ಹಾಕಿದರು. ಆಮೇಲೆ ಸ್ಕ್ಯಾನರ್‌ನಲ್ಲಿ ಬೇಸಿಕ್ ಸೆಟ್ಟಿಂಗ್ ಮಾಡಿ, ಗೇರ್‌ಬಾಕ್ಸ್ ಹೊಸ ಕ್ಲಚ್‌ಗೆ ಹೊಂದಿಕೊಳ್ಳಲಿ ಎಂದು ರಸ್ತೆಯಲ್ಲಿ ಓಡಿಸಿದರು. ಮ್ಯಾಪ್ ತೆಗೆಸಿ ಕಂಪನಿಯ ಮೂಲ ಫೈಲ್ ಹಾಕಿಸಿದ್ದೇನೆ. ನೀವು ಹಾಕಿದ ಮೆಕಾಟ್ರಾನಿಕ್‌ನಿಂದ ಏನೂ ಪ್ರಯೋಜನವಾಗಿಲ್ಲ ಎಂದು ಅವರು ತಮ್ಮ ಲೆಟರ್‌ಹೆಡ್ ಮೇಲೆ ಬರೆದು ಸಹಿ ಹಾಕಿ ಕೊಟ್ಟಿದ್ದಾರೆ. ಕಾರು ಮಾಡಿದವರ ಮೇಲೆ ನನ್ನ ದೂರಿಲ್ಲ. ಅವರು ಮಿತಿ ಹೇಳಿದ್ದರು. ಮೀರಿದವರು ನೀವು.

ನನಗೆ ಬರಬೇಕಾದ್ದು ಇಷ್ಟು. ಮೆಕಾಟ್ರಾನಿಕ್‌ನ ₹2,14,000, ಮ್ಯಾಪ್‌ನ ₹55,000 ಮತ್ತು ಬೇರೆ ಕಡೆ ಕ್ಲಚ್ ಹಾಕಿಸಿದ ಬಿಲ್ಲಿನ ಮೊತ್ತ. ಅದರ ಜೊತೆಗೆ ನನ್ನ ಹಳೆಯ ಮೆಕಾಟ್ರಾನಿಕ್, ಇಲ್ಲವೇ ಅದು ಎಲ್ಲಿಗೆ ಹೋಯಿತು ಎನ್ನುವುದಕ್ಕೆ ಕಾಗದ. ಮ್ಯಾಪ್ ಹಾಕುವ ಮೊದಲು ಮತ್ತು ನಂತರದ ಸ್ಕ್ಯಾನ್ ರಿಪೋರ್ಟ್. ನನ್ನ ಮಗಳ ಎದುರಿಗೆ ಆಡಿದ ಮಾತಿಗೆ ಲಿಖಿತ ಕ್ಷಮೆ. ಈ ಪತ್ರ ತಲುಪಿದ 15 ದಿನದೊಳಗೆ ಇವೆಲ್ಲ ಆಗಬೇಕು.

ಆಗದಿದ್ದರೆ ಏನಾಗುತ್ತದೆ ಎನ್ನುವುದನ್ನೂ ಈಗಲೇ ಹೇಳಿಬಿಡುತ್ತೇನೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಾಗುತ್ತದೆ. ಆಮೇಲೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಕೇಸ್. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 2(11) ನಿಮ್ಮ ವಕೀಲರಿಂದ ಓದಿಸಿಕೊಳ್ಳಿ. ಗ್ರಾಹಕನಿಗೆ ಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಟ್ಟರೆ ಅದೂ ಸೇವೆಯ ಲೋಪ. 250ರ ಮಿತಿ ಮುಚ್ಚಿಟ್ಟದ್ದಕ್ಕೆ ಸಾಕ್ಷಿ ನೀವೇ ಕೊಟ್ಟ ಡೈನೋ ಶೀಟ್. ನಾನು ಕೊಟ್ಟ ಹಣ ಐದು ಲಕ್ಷದೊಳಗೇ ಇದೆ, ಹಾಗಾಗಿ ನನಗೆ ದೂರಿನ ಶುಲ್ಕವೂ ಇಲ್ಲ. ಕಾಯ್ದೆಯಲ್ಲಿ ಎರಡು ವರ್ಷ ಸಮಯವಿದೆ. ಕಾಯುವ ತಾಳ್ಮೆ ನನಗಿದೆ.

ಇನ್ನೊಂದು ವಿಷಯ. ಮ್ಯಾಪ್‌ನ ಹಣವನ್ನು ನೀವು ಗ್ಯಾರೇಜಿನ ಖಾತೆಗೆ ಹಾಕಿಸಿಕೊಳ್ಳಲಿಲ್ಲ. ಒಬ್ಬರ ಸ್ವಂತ ಖಾತೆಗೆ ಯುಪಿಐ ಮಾಡಿಸಿದಿರಿ. ಜಿಎಸ್‌ಟಿ ಬಿಲ್ ಕೇಳಿದರೆ "ಆಮೇಲೆ ಕೊಡ್ತೀವಿ" ಎಂದಿರಿ. ಇವತ್ತಿಗೂ ಕೊಟ್ಟಿಲ್ಲ. ಆ ಯುಪಿಐ ರಸೀದಿಯನ್ನು ಪ್ರಿಂಟ್ ಮಾಡಿಸಿ ವಾಣಿಜ್ಯ ತೆರಿಗೆ ಇಲಾಖೆಗೆ ಬರೆದ ಅರ್ಜಿಯ ಜೊತೆ ಪಿನ್ ಮಾಡಿ ಇಟ್ಟಿದ್ದೇನೆ. 16ನೇ ದಿನ ಅದು ಪೋಸ್ಟ್ ಆಗುತ್ತದೆ.

ಸುಟ್ಟ ಕ್ಲಚ್ ಪ್ಯಾಕ್ ನನ್ನ ಹತ್ತಿರವೇ ಇದೆ. ಅದನ್ನು ಆಯೋಗದ ಮೇಜಿನ ಮೇಲೆ ಇಡುತ್ತೇನೆ. ಅವತ್ತು ನಿಮ್ಮ ಅಡ್ವೈಸರ್‌ರನ್ನೂ ಕರೆದುಕೊಂಡು ಬನ್ನಿ.

ಇಂತಿ,
ಬೂದು ಬಣ್ಣದ 1.8 ಟಿಎಸ್‌ಐ ಮಾಲೀಕ
ಬೆಂಗಳೂರು

ಲಗತ್ತು: ಡೈನೋ ಶೀಟ್, ಜಾಬ್ ಕಾರ್ಡ್‌ನ ಫೋಟೋ, ಮೆಕಾಟ್ರಾನಿಕ್ ಬಿಲ್, ಹೊಸ ಕ್ಲಚ್‌ನ ಬಿಲ್, ಮೇಸ್ತ್ರಿ ಬರೆದುಕೊಟ್ಟ ಪತ್ರ, ಯುಪಿಐ ರಸೀದಿಯ ಪ್ರತಿ