ಒಳ ಉಡುಪಿನ ಅಂಗಡಿಯಲ್ಲಿ ಅಳತೆ ಟೇಪೂ ಇರಲಿ

ಮಾನ್ಯರೇ,

ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತ ಬ್ರಾ ಮಾರುವ ಅಂಗಡಿಗಳಿಗೆ ಬರವಿಲ್ಲ. ಆದರೆ ಕೌಂಟರಿನಲ್ಲಿ ಹೆಚ್ಚಾಗಿ ಗಂಡಸರೇ. ‘ಎಷ್ಟ್ ಸೈಜ್ ಬೇಕ್ರಿ ಅಕ್ಕಾರ?’ ಎನ್ನುತ್ತಾರೆ, 34 ಎಂದರೆ ಡಬ್ಬಿ ಮುಂದಿಡುತ್ತಾರೆ. ಕಪ್, ಅಂದರೆ ಎದೆ ಕೂರುವ ಬಟ್ಟಲಿನ ಅಳತೆ, ಯಾವುದೆಂದು ಕೇಳುವವರಿಲ್ಲ, ಹಾಕಿ ನೋಡಲು ಜಾಗವಿಲ್ಲ, ಬದಲಿಸಿಯೂ ಕೊಡುವುದಿಲ್ಲ.

ನಾನು ಹೊಲಿಗೆ ಕೆಲಸದವಳು. ಬ್ಲೌಸ್ ಅಳತೆ ಕೊಡಲು ಬರುವ ಹೆಣ್ಣುಮಕ್ಕಳ ಹೆಗಲಲ್ಲಿ ಪಟ್ಟಿ ಕೊರೆದ ಗೆರೆ, ಎದೆಯ ಕೆಳಗೆ ಬೆವರಿಗೆ ಕೆಂಪಾದ ಚರ್ಮ ನೋಡುತ್ತಲೇ ಇರುತ್ತೇನೆ. ನಮ್ಮೂರ ಬಿಸಿಲು 40 ಡಿಗ್ರಿ ದಾಟಿದಾಗ ಆ ಉರಿ ಅನುಭವಿಸಿದವರಿಗೇ ಗೊತ್ತು.

ಭಾರ ಹೊರಬೇಕಾದದ್ದು ಮೈಸುತ್ತಿನ ಪಟ್ಟಿ, ಹೆಗಲಲ್ಲ. ಎದೆಯ ಕೆಳಗಿನ ಸುತ್ತಳತೆಯಿಂದ ಪಟ್ಟಿಯ ನಂಬರ್ ಸಿಗುತ್ತದೆ. ಎದೆಯ ತುಂಬು ಭಾಗದ ಸುತ್ತಳತೆ ಅದಕ್ಕಿಂತ ಎಷ್ಟು ಹೆಚ್ಚೋ ಅದರಿಂದ ಕಪ್: ಸಾಮಾನ್ಯವಾಗಿ ಒಂದು ಇಂಚಿಗೆ ಎ, ಎರಡಕ್ಕೆ ಬಿ, ಮೂರಕ್ಕೆ ಸಿ. ಹೊಸ ಬ್ರಾ ಅತಿ ಸಡಿಲದ ಹುಕ್ಕಿನಲ್ಲೇ ಸರಿಯಾಗಿ ಕೂರಬೇಕು; ಎಲಾಸ್ಟಿಕ್ ಸೋತಂತೆ ಒಳಗಿನ ಹುಕ್ಕಿಗೆ ಹೋಗಬೇಕು. ಇದು ಹೈಸ್ಕೂಲ್ ಹುಡುಗಿಯರಿಗೂ ತಿಳಿದಿರಬೇಕು, ಯಾರೂ ಹೇಳಿಕೊಡುವುದಿಲ್ಲ.

ಅಂಗಡಿಯವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಅಳತೆ ಬಲ್ಲ ಒಬ್ಬ ಹೆಣ್ಣುಮಗಳನ್ನು ಕೆಲಸಕ್ಕಿಟ್ಟುಕೊಳ್ಳಿ, ಮೂಲೆಯಲ್ಲೊಂದು ಪರದೆ ಕಟ್ಟಿ, ಕಾಟನ್‌ನಲ್ಲಿ ಎಲ್ಲ ಕಪ್ ಅಳತೆಯ ಬ್ರಾಗಳನ್ನೂ ತರಿಸಿ.

– ಒಬ್ಬ ಟೇಲರ್, ಕಲಬುರಗಿ